ಚರ್ಚ್ ಶಾಲೆಯ ಹಳೇ ರಿಜಿಸ್ಟರ್‌ಗಳನ್ನು ರದ್ದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಒಂದು ಚರ್ಚಿನ ಜುಬಿಲಿ ಆಚರಣೆಯ ವರದಿ ಇತ್ತೀಚೆಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ವೇದಿಕೆಯಲ್ಲಿ ಗಣ್ಯರು ಸ್ಮರಣ ಸಂಚಿಕೆ ಹಿಡಿದು ನಿಂತ ಫೋಟೋವೂ ಇತ್ತು. ಆ ಸಂಚಿಕೆಯ ಒಂದು ಪ್ರತಿ ನನಗೂ ಸಿಕ್ಕಿದೆ. ನುಣುಪು ಕಾಗದ, ಬಣ್ಣದ ಮುದ್ರಣ, ಕೈಯಲ್ಲಿ ಹಿಡಿದರೆ ಭಾರ. ಮೊದಲ ಶುಭಾಶಯದಿಂದ ಕೊನೆಯ ಚಿನ್ನದಂಗಡಿಯ ಜಾಹೀರಾತಿನವರೆಗೆ ಬಿಡದೆ ಓದಿದೆ. ಅದರಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಪತ್ರ ಉದ್ದ ಆಯಿತು, ಕ್ಷಮಿಸಿ. ಕತ್ತರಿ ಹಾಕಲೇಬೇಕಾದರೆ ನಡುವಿನ ಚರಿತ್ರೆಗೆ ಹಾಕಿ, ಕೊನೆಯ ಕೋರಿಕೆಗಳನ್ನು ಮಾತ್ರ ಉಳಿಸಿ.

ನಾನು ಬಂಟ್ವಾಳ ತಾಲ್ಲೂಕಿನವಳು. ಚರ್ಚಿನ ಅಂಗಳದಲ್ಲೇ ಇರುವ ಅನುದಾನಿತ ಕನ್ನಡ ಶಾಲೆಯಲ್ಲಿ ಕಲಿತು, ಅಲ್ಲೇ ಟೀಚರಾಗಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಮಾತು ಯಾರೋ ಒಬ್ಬರ ಮೇಲೆ ಹೋಗಿ ನಿಲ್ಲುತ್ತದೆ. ವಿಷಯ ಕರಾವಳಿಯ ಎಷ್ಟೋ ಚರ್ಚ್ ಶಾಲೆಗಳದ್ದು.

ಸಂಚಿಕೆಯಲ್ಲಿ ಸ್ಥಾಪನೆಯಿಂದ ಇಂದಿನವರೆಗಿನ ವಿಗಾರರ, ಅಂದರೆ ಚರ್ಚಿನ ಮುಖ್ಯ ಧರ್ಮಗುರುಗಳ ಪಟ್ಟಿ ಉಂಟು. ಫೋಟೋ ಸಿಗದವರ ಜಾಗದಲ್ಲಿ ಶಿಲುಬೆಯ ಚಿತ್ರ ಹಾಕಿದ್ದಾರೆ. ದಾನಿಗಳ ಪಟ್ಟಿಯೂ ಉಂಟು, ಕೊಟ್ಟ ಮೊತ್ತದ ಕ್ರಮದಲ್ಲಿ. ಹಬ್ಬದ ಫೋಟೋ, ಬ್ಯಾಂಡಿನ ಫೋಟೋ, ಹೊಸ ಸಭಾಭವನದ ಫೋಟೋ. ಶಾಲೆಗೆ ಒಂದೇ ಒಂದು ಪ್ಯಾರಾ. ಯಾವ ಧರ್ಮಗುರುಗಳ ದೂರದೃಷ್ಟಿಯಿಂದ ಶುರುವಾಯಿತು, ಸಾವಿರಾರು ಮಕ್ಕಳ ಬಾಳಿಗೆ ಹೇಗೆ ಬೆಳಕಾಯಿತು, ಅಷ್ಟೇ. ಆ ಸಾವಿರಾರರಲ್ಲಿ ಒಬ್ಬರ ಹೆಸರಾದರೂ ಬೇಡವೇ? ಕಲಿಸಿದವರಲ್ಲಿ ಒಬ್ಬರದ್ದಾದರೂ? ನಮಗೆ ಮಗ್ಗಿ ಬಾಯಿಪಾಠ ಮಾಡಿಸಿದ ಮಾಷ್ಟ್ರು ಜೀವನವಿಡೀ ಆ ಶಾಲೆಯಲ್ಲೇ ಸವೆದವರು. ಅವರ ಹೆಸರಿಗೆ ಜಾಗ ಸಿಗಲಿಲ್ಲ. ಐಸ್‌ಕ್ರೀಮ್ ಅಂಗಡಿಗೆ ಪೂರ್ತಿ ಪುಟ ಸಿಕ್ಕಿತು.

ಅದೂ ಹೋಗಲಿ ಎನ್ನೋಣ. ಶಾಲೆಯ ಕಟ್ಟಡ 1865ರದ್ದು ಎಂದು ಬರೆದಿದ್ದಾರೆ. ಈ ಇಸವಿ ಎಲ್ಲಿಂದ ಬಂತು ಗೊತ್ತುಂಟಾ? ಮಾಡಿನ ಹಂಚಿನಿಂದ. ದುರಸ್ತಿಗೆ ಹಂಚು ಇಳಿಸಿದಾಗ ಅದರ ಮೇಲೆ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯ ಹೆಸರು, 1865 ಎಂಬ ಅಂಕಿ ಕಂಡಿದೆ. ಆದರೆ ಅದು ಮಂಗಳೂರಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಸುಟ್ಟ ಹಂಚುಗಳ ಮೇಲೂ ಅದನ್ನೇ ಒತ್ತುತ್ತಿದ್ದರು. ಕರಾವಳಿಯಲ್ಲಿ ಅರ್ಧಕ್ಕರ್ಧ ಹಳೇ ಮನೆಗಳು ಹೀಗೆ 1865ರಲ್ಲೇ ಹುಟ್ಟಿಬಿಟ್ಟಿವೆ! ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆರೆದು ನೋಡಿದ್ದರೆ ಸಾಕಿತ್ತು. ಮೊದಲ ಮಗುವಿನ ಹೆಸರು ಬರೆದದ್ದು ಅದಾಗಿ ಎಷ್ಟೋ ವರ್ಷಗಳ ನಂತರ.

ಆ ಪುಸ್ತಕವನ್ನು ಯಾರೂ ಯಾಕೆ ತೆರೆಯಲಿಲ್ಲ ಎಂಬುದೇ ನನ್ನ ತಕರಾರು. ಸಂಚಿಕೆ ಸಮಿತಿಯವರು ನನ್ನಿಂದಲೂ ಲೇಖನ ಕೇಳಿದ್ದರು. ಹಳೇ ರಿಜಿಸ್ಟರ್‌ಗಳನ್ನು ನೋಡಿ ಬರೆಯುತ್ತೇನೆ ಎಂದೆ. 'ಟೀಚರೇ, ಅದೆಲ್ಲ ಯಾರು ಓದ್ತಾರೆ? ಫಾದರ್‌ಗಳ ಸೇವೆಯ ಬಗ್ಗೆ ಎರಡು ಪುಟ ಕೊಡಿ' ಎಂದರು. ರಿಜಿಸ್ಟರ್ ಎಲ್ಲುಂಟು ಎಂದು ಹುಡುಕಿಕೊಂಡು ಹೋದೆ. ದುರಸ್ತಿಯ ಸಮಯದಲ್ಲಿ ಆಫೀಸಿನ ಕಪಾಟು ಖಾಲಿ ಮಾಡಿದ್ದಾರೆ. ಬಿಸಿಯೂಟದ ಅಡುಗೆಮನೆಯ ಪಕ್ಕ, ಗ್ಯಾಸ್ ಬರುವ ಮೊದಲು ಸೌದೆ ಹಾಕುತ್ತಿದ್ದ ಕೋಣೆಯಲ್ಲಿ, ಅಕ್ಕಿಯ ಗೋಣಿಗಳಲ್ಲಿ ತುಂಬಿ ಇಟ್ಟಿದ್ದಾರೆ. ಬಾಗಿಲಿಗೆ ಚಿಲಕ ಇಲ್ಲ. ಒಂದು ಗೋಣಿಯ ತಳಕ್ಕೆ ಗೆದ್ದಲು ಹತ್ತಿತ್ತು. ಕೇಳಿದರೆ, 'ಈಗ ಎಲ್ಲ ಕಂಪ್ಯೂಟರಲ್ಲಿ ಉಂಟಲ್ವಾ' ಎಂದರು. ಕಂಪ್ಯೂಟರಿನಲ್ಲಿ ಇರುವುದು ಈಚಿನ ಮಕ್ಕಳ ಹೆಸರು. ಅವರ ಅಜ್ಜ ಅಜ್ಜಿಯರ ಹೆಸರು ಇದ್ದದ್ದು ಆ ಗೋಣಿಯಲ್ಲಿ.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಮಂಗಳೂರಿನ ರೊಸಾರಿಯೊ ಚರ್ಚ್ 1568ರದ್ದು, ಪೋರ್ಚುಗೀಸರ ಕಾಲದ್ದು. ಗೋವಾದಲ್ಲಿ ಇನ್‌ಕ್ವಿಸಿಶನ್ ಎಂಬ ಚರ್ಚಿನ ಧಾರ್ಮಿಕ ವಿಚಾರಣೆ, ತೆರಿಗೆ, ಬರ, ಮರಾಠರ ದಾಳಿ ಎಂದು ಬೇರೆ ಬೇರೆ ಕಾರಣಕ್ಕೆ ಕೊಂಕಣಿ ಕ್ರೈಸ್ತರು ತೆಂಕಣಕ್ಕೆ ಬಂದರು. ಗದ್ದೆ ಮಾಡಬಲ್ಲವರು ಬೇಕು ಎಂದು ಕೆಳದಿಯ ಅರಸರು ಜಾಗ ಕೊಟ್ಟರು. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚನ್ನು 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದರು. ಜಾಗ ಕೊಟ್ಟದ್ದು ಕೆಳದಿಯ ರಾಣಿ ಚೆನ್ನಮ್ಮ ಎಂದು ಹೇಳುತ್ತಾರೆ. ಸಂತ ಜೋಸೆಫ್ ವಾಜ್ ಸಿಂಹಳಕ್ಕೆ ಹೋಗುವ ಮೊದಲು ಈ ಸೀಮೆಯಲ್ಲೇ ಊರೂರು ತಿರುಗಿದವರು. ಮುಡಿಪುವಿನ ಗುಡ್ಡಕ್ಕೆ ಇವತ್ತಿಗೂ ಅವರ ಹೆಸರಿನಲ್ಲಿ ಜನ ಹೋಗುತ್ತಾರೆ. ಫರಂಗಿಪೇಟೆಯ ಮೊಂತಿ ಮರಿಯಾನೊ ಚರ್ಚ್ ನಮ್ಮ ಬಂಟ್ವಾಳ ತಾಲ್ಲೂಕಿನದ್ದೇ. ಸೆಪ್ಟೆಂಬರ್ 8ಕ್ಕೆ ಹೂ ಎಸೆದು, ತೆನೆ ಮನೆಗೆ ತಂದು, ಹೊಸ ಅಕ್ಕಿ ಉಣ್ಣುವ ಮೊಂತಿ ಹಬ್ಬ ಅಲ್ಲಿಂದಲೇ ಹಬ್ಬಿತು ಎಂಬುದು ನಾವು ಕೇಳಿಕೊಂಡು ಬಂದ ಮಾತು.

1784ರಲ್ಲಿ ಟಿಪ್ಪುವಿನ ಅಪ್ಪಣೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಹೆಚ್ಚಿನ ಚರ್ಚುಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನದ್ದು ಉಳಿದದ್ದು ಅಲ್ಲಿನ ಚೌಟ ಅರಸರ ದಯೆಯಿಂದ ಎನ್ನುತ್ತಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ವಾಪಸ್ ಬಂದು ಚರ್ಚುಗಳನ್ನು ಮತ್ತೆ ಕಟ್ಟಿದರು. ಇದನ್ನು ಹಿಡಿದುಕೊಂಡು ರಾಜಕೀಯ ಮಾಡುವವರು ಬೇಕಾದಷ್ಟಿದ್ದಾರೆ, ನನಗೆ ಆ ಉಸಾಬರಿ ಬೇಡ. ನಾನು ಹೇಳುವುದು ಕಾಗದದ ವಿಷಯ. ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಅದರ ಜೊತೆ ಹೋದ ಪುಸ್ತಕವನ್ನು ಮತ್ತೆ ಬರೆಯಲು ಆಗುವುದಿಲ್ಲ. ಎಷ್ಟೋ ಮನೆತನಗಳ ವಂಶಾವಳಿ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಆ ಕಾಲದಲ್ಲಿ ತಟ್ಟನೆ ನಿಂತುಬಿಡುತ್ತದೆ. ಅಷ್ಟು ಕಳೆದುಕೊಂಡ ನಾವೇ ಗೆದ್ದಲಿಗೆ ಬಿಡುತ್ತಿದ್ದೇವಲ್ಲ ಎಂಬುದು ನನ್ನ ಸಂಕಟ.

ಶಾಲೆಗಳ ಕತೆ 19ನೇ ಶತಮಾನದ್ದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದರು. ಕನ್ನಡದಲ್ಲಿ ಪತ್ರಿಕೆ ಎಂಬುದು ಶುರುವಾದದ್ದೇ ಅದರಿಂದ, ನಿಮಗೆ ಹೇಳಬೇಕಾಗಿಲ್ಲ. ಪ್ರೊಟೆಸ್ಟಂಟರು ಇಷ್ಟೆಲ್ಲ ಮಾಡುವಾಗ ಕಥೊಲಿಕರು ಕೈಕಟ್ಟಿ ಕೂರಲು ಆಗುತ್ತದೆಯೇ? 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ಬಂದರು. 1878ರ ಡಿಸೆಂಬರ್ 31ಕ್ಕೆ ಯೇಸು ಸಭೆಯ ಧರ್ಮಗುರುಗಳಾದ ಜೆಸುಯಿಟರು ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ ಆಯಿತು. 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರುಗಳ ಸಂಸ್ಥೆ. 1921ರಲ್ಲಿ ಒಂದು ಕಡೆ ಸಂತ ಆಗ್ನೆಸ್ ಕಾಲೇಜು, ಇನ್ನೊಂದು ಕಡೆ ರೇಮಂಡ್ ಮಸ್ಕರೇನ್ಹಸ್ ಎಂಬ ಧರ್ಮಗುರುಗಳು ಸ್ಥಾಪಿಸಿದ ಬೆಥನಿ ಸಂಸ್ಥೆ. ಹಳ್ಳಿ ಹಳ್ಳಿಯ ಚರ್ಚ್ ಶಾಲೆಗಳಿಗೆ ಹೋಗಿ ಕಲಿಸಿದವರಲ್ಲಿ ಬೆಥನಿ ಸಿಸ್ಟರುಗಳು ತುಂಬಾ ಮಂದಿ.

ಅಲೋಶಿಯಸ್ ಚಾಪೆಲ್‌ಗೆ ಇಟಲಿಯ ಚಿತ್ರಕಾರ ಮೊಸ್ಕೇನಿ ಬಿಡಿಸಿದ ಚಿತ್ರಗಳ ಬಗ್ಗೆ ಬೇಕಾದಷ್ಟು ಲೇಖನ ಬಂದಿದೆ, ಬರಲಿ, ನೋಡಬೇಕಾದ ಚಿತ್ರಗಳೇ. ಆದರೆ ಗದ್ದೆ ದಾಟಿ, ಸಂಕ ದಾಟಿ ಹೋಗಬೇಕಾದ ಊರಿನಲ್ಲಿ, ಚರ್ಚಿನ ಜಗಲಿಯಲ್ಲೋ ಮುಳಿಹುಲ್ಲಿನ ಮಾಡಿನ ಅಡಿಯಲ್ಲೋ ಒಬ್ಬ ಮಾಷ್ಟ್ರನ್ನು ಕೂರಿಸಿ ಶುರು ಮಾಡಿದ ಶಾಲೆಯ ಬಗ್ಗೆ ಯಾರು ಬರೆದರು?

ಆ ಶಾಲೆಗಳಲ್ಲಿ ರಿಜಿಸ್ಟರ್ ಎಂಬುದು ಬಂದದ್ದೇ ಹಣದ ಕಾರಣಕ್ಕೆ. 1854ರಲ್ಲಿ ಚಾರ್ಲ್ಸ್ ವುಡ್ಡನ ಆದೇಶ ಬಂತು. ಖಾಸಗಿ ಶಾಲೆ, ಮಿಷನ್ ಶಾಲೆ ಯಾವುದೇ ಇರಲಿ, ಸರಿಯಾಗಿ ನಡೆದರೆ ಸರ್ಕಾರ ಗ್ರಾಂಟ್ ಕೊಡುತ್ತದೆ, ಆದರೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ನಮ್ಮದು ಆಗ ಮದ್ರಾಸ್ ಪ್ರಾಂತ್ಯ. 1956ರ ನವೆಂಬರ್ 1ರವರೆಗೂ ನಮ್ಮ ಜಿಲ್ಲೆಯ ಕಾಗದಪತ್ರ ಮದ್ರಾಸಿಗೇ ಹೋಗುತ್ತಿತ್ತು. ಇನ್‌ಸ್ಪೆಕ್ಟರ್ ಬಂದಾಗ ಎಷ್ಟು ಮಕ್ಕಳು, ಎಷ್ಟು ಹಾಜರಿ ಎಂದು ತೋರಿಸಬೇಕು. ತೋರಿಸಲು ಬರೆದಿಡಬೇಕು. ಗ್ರಾಂಟಿನ ಆಸೆಗೆ ಬರೆದದ್ದು ಇವತ್ತು ಊರಿನ ಚರಿತ್ರೆಯಾಗಿ ಕೂತಿದೆ. ಗ್ರಾಂಟ್ ತೆಗೆದುಕೊಂಡ ಮೇಲೆ ಶಾಲೆ ಎಲ್ಲ ಜಾತಿ ಮತದ ಮಕ್ಕಳಿಗೂ ತೆರೆದೇ ಇತ್ತು. ನಮ್ಮ ಶಾಲೆಯಲ್ಲಿ ಕ್ರೈಸ್ತರ ಮಕ್ಕಳಿಗಿಂತ ಉಳಿದವರ ಮಕ್ಕಳೇ ಜಾಸ್ತಿ ಇದ್ದ ವರ್ಷಗಳು ಕಡಿಮೆಯೇನಲ್ಲ.

ಚರ್ಚಿನ ಸ್ವಂತ ರಿಜಿಸ್ಟರ್‌ಗಳ ಕತೆ ಇದಕ್ಕಿಂತ ಹಳೆಯದು. 1563ರಲ್ಲಿ ಮುಗಿದ, ಕಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯಲ್ಲಿ ಒಂದು ನಿಯಮ ಆಯಿತು. ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ ಬರೆದಿಡಬೇಕು. 1614ರಲ್ಲಿ ಸತ್ತವರ ದಾಖಲೆಯೂ ಸೇರಿತು. 1908ರಿಂದ ಇನ್ನೊಂದು ನಿಯಮ. ಯಾರ ಮದುವೆ ಎಲ್ಲೇ ಆಗಲಿ, ಅದನ್ನು ಅವರ ಜ್ಞಾನಸ್ನಾನದ ಸಾಲಿನ ಪಕ್ಕ ಬರೆಯಬೇಕು. ಹಾಗಾಗಿ ನಮ್ಮ ಚರ್ಚಿನ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಪಕ್ಕದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ಇಪ್ಪತ್ತು ಮೂವತ್ತು ವರ್ಷದ ನಂತರ ಬೊಂಬಾಯಿಯ ಯಾವುದೋ ಚರ್ಚಿನಲ್ಲಿ ಆದ ಮದುವೆ ಬರೆದಿರುತ್ತದೆ. ಅಲ್ಲಿನ ಪಾದ್ರಿ ಇಲ್ಲಿಗೆ ಕಾಗದ ಬರೆದು ತಿಳಿಸಿದ್ದು. ಆ ಪುಸ್ತಕಗಳು ವಿಗಾರರ ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಬೀಗದ ಒಳಗೆ ಭದ್ರವಾಗಿವೆ. ಬಿಷಪರು ಭೇಟಿಗೆ ಬಂದಾಗ ಅವನ್ನು ತೆರೆದು ನೋಡಬೇಕು ಎಂದು ಚರ್ಚಿನ ಕಾನೂನೇ ಹೇಳುತ್ತದೆ. ಅಂಗಳ ದಾಟಿದರೆ ಶಾಲೆ. ಅಲ್ಲಿನ ಪುಸ್ತಕ ಗೋಣಿಯಲ್ಲಿ! ಚರ್ಚಿನ ಆಡಳಿತಕ್ಕೆ ಪುಸ್ತಕ ಕಾಯುವುದು ಗೊತ್ತಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತುಂಟು. ಯಾವ ಪುಸ್ತಕ ಕಾಯಬೇಕು ಎಂಬಲ್ಲಿ ನಮ್ಮ ಅವರ ಲೆಕ್ಕ ಬೇರೆ.

ಆ ದಾಖಲಾತಿ ಪುಸ್ತಕದ ಒಂದು ಪುಟ ಹೇಗಿರುತ್ತದೆ ಎಂದು ನೋಡದವರಿಗೆ ಹೇಳುತ್ತೇನೆ. ಉದ್ದಕ್ಕೆ ಬಿಚ್ಚಿಕೊಳ್ಳುವ ದೊಡ್ಡ ಪುಸ್ತಕ, ಖಾಕಿ ಬಟ್ಟೆಯ ರಟ್ಟು. ಎಡಗಡೆ ದಾಖಲಾತಿ ಸಂಖ್ಯೆ, ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಮನೆ, ಕಸುಬು, ಜಾತಿ, ಹುಟ್ಟಿದ ದಿನ. ಬಲಗಡೆ ಸೇರಿದ ದಿನ, ಯಾವ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ. ಹಳೇ ಪುಟಗಳ ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ನಿಬ್ಬಿನ ಪೆನ್ನಿನಲ್ಲಿ ಬರೆದ ಅಕ್ಷರ ಮುತ್ತು ಪೋಣಿಸಿದಂತೆ. ಕೆಲವು ಕಡೆ ಮಾಷ್ಟ್ರ ನಸ್ಯದ ಕಲೆಯೂ ಉಂಟು, ನನಗಂತೂ ಹಾಗನಿಸಿತು.

ಕಸುಬಿನ ಕಾಲಂ ಒಂದನ್ನೇ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ. ಮೊದಮೊದಲು ಬರೇ ಬೇಸಾಯ, ಕೂಲಿ, ಮೂರ್ತೆ (ಶೇಂದಿ ಇಳಿಸುವುದು), ದೋಣಿ. ಆಮೇಲೆ ಹಂಚಿನ ಕಾರ್ಖಾನೆ ಕಾಣಿಸುತ್ತದೆ. ನೇತ್ರಾವತಿ ದಡದ ಜೇಡಿಮಣ್ಣು, ಸಾಗಿಸಲು ಹೊಳೆ, ಒಲೆಗೆ ಕಾಡಿನ ಕಟ್ಟಿಗೆ ಎಲ್ಲ ಇದ್ದ ಕಾರಣ ಈ ಕಡೆ ಹಂಚಿನ ಕೆಲಸ ಬೆಳೆಯಿತು. ಮತ್ತೆ ಸ್ವಲ್ಪ ಕೆಳಗೆ ಬಂದರೆ ಬೀಡಿ. ಬೀಡಿ ಮಾತ್ರ ಹೆಚ್ಚಾಗಿ ತಾಯಿಯ ಕಸುಬು. ಪೋಷಕರ ಜಾಗದಲ್ಲಿ ತಾಯಿಯ ಹೆಸರು ಬರುವುದು ಅಲ್ಲಿಂದಲೇ ಜಾಸ್ತಿ. ಬೊಂಬಾಯಿಯಲ್ಲಿ ಹೋಟೆಲ್ ಎಂಬುದೂ ಹೀಗೇ ಬಂತು. 1974ರ ಮೊದಲು ಚಾಲಗೇಣಿ (ಗೇಣಿ ಒಕ್ಕಲು) ಎಂದು ಬರೆಯುತ್ತಿದ್ದ ಮನೆಗಳೇ ಕೆಲವು ವರ್ಷದ ನಂತರ ಅದೇ ಗದ್ದೆಗೆ ಸ್ವಂತ ಬೇಸಾಯ ಎಂದು ಬರೆಸಿವೆ. ದೇವರಾಜ ಅರಸರ ಭೂಸುಧಾರಣೆ ಬಗ್ಗೆ ದಪ್ಪ ದಪ್ಪ ಪುಸ್ತಕ ಉಂಟು. ಉಳುವವನೇ ಹೊಲದೊಡೆಯ ಆದದ್ದನ್ನು ನಾನು ನೋಡಿದ್ದು ಈ ಕಾಲಂನಲ್ಲಿ. ಅಣ್ಣನ ಸಾಲಿನಲ್ಲಿ ಒಂದು, ತಮ್ಮನ ಸಾಲಿನಲ್ಲಿ ಇನ್ನೊಂದು. ಅದರ ಕೆಳಗೆ ಶುರುವಾಗುತ್ತದೆ ದುಬೈ, ಕುವೈತ್, ಮಸ್ಕತ್.

ಬಿಟ್ಟ ಕಾರಣದ ಕಾಲಂ ಓದುವುದು ಕಷ್ಟ. ಹುಡುಗಿಯರ ಎದುರು 'ಮಗು ನೋಡಿಕೊಳ್ಳಲು' ಎಂದು ಬರೆದದ್ದು ಸಾಲು ಸಾಲಾಗಿ ಸಿಗುತ್ತದೆ. ಮಗು ಎಂದರೆ ಅವಳ ತಮ್ಮನೋ ತಂಗಿಯೋ. ಐದನೇ ಕ್ಲಾಸಿಗೆ ಬಿಟ್ಟವರು ಬೀಡಿಗೆ. ಹುಡುಗರು ಹೋಟೆಲಿಗೆ, ದನ ಮೇಯಿಸಲು. ಕೆಲವರ ಎದುರು 'ಸತತ ಗೈರು' ಎಂದು ಮಾತ್ರ. ಅಪರೂಪಕ್ಕೆ 'ತೀರಿಕೊಂಡಿದೆ'. ಒಂದು ಮಳೆಗಾಲದಲ್ಲಿ ಒಂದೇ ಮನೆಯ ಇಬ್ಬರಿಗೆ ಹಾಗೆ ಬರೆದದ್ದು ನೋಡಿದೆ. ಯಾವ ಕಾಯಿಲೆಯೋ, ಮಾಷ್ಟ್ರು ಬರೆದಿಲ್ಲ.

ಹೆಡ್ಮಾಸ್ತರರ ಲಾಗ್ ಬುಕ್ ಇನ್ನೊಂದು ಗಣಿ. 1923ರ ಆಗಸ್ಟಿನಲ್ಲಿ ಬಂದ ದೊಡ್ಡ ನೆರೆಗೆ ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ ಎಲ್ಲ ಮುಳುಗಿತ್ತು. ಹಳಬರು ಅದನ್ನು ಮಾರಿ ಬೊಳ್ಳ ಎನ್ನುತ್ತಾರೆ. ನಮ್ಮ ಲಾಗ್ ಬುಕ್ಕಿನಲ್ಲಿ ಆ ದಿನಗಳಿಗೆ ಇರುವುದು ಒಂದೇ ಸಾಲು. ಶಾಲೆಗೆ ಮಕ್ಕಳು ಬರಲಿಲ್ಲ, ಶಾಲೆಯಲ್ಲಿ ಜನ ಇದ್ದಾರೆ ಎಂದು. ಮನೆ ಕಳೆದುಕೊಂಡವರು ಶಾಲೆಯಲ್ಲಿ ಉಳಿದಿದ್ದರು ಎಂದು ನಾನು ಅರ್ಥ ಮಾಡಿಕೊಂಡೆ. 1974ರ ನೆರೆಯ ಹೊತ್ತಿಗೆ ಬರೆದವರಿಗೆ ಸ್ವಲ್ಪ ಮಾತು ಜಾಸ್ತಿ. ಯಾವ ಮೆಟ್ಟಿಲವರೆಗೆ ನೀರು ಬಂತು ಎಂದೂ ಬರೆದಿದ್ದಾರೆ. ಮತ್ತೆ ಸಜ್ಜಿಗೆಯ ಲೆಕ್ಕ! ಅಮೆರಿಕದ ನೆರವು ಸಂಸ್ಥೆ ಕೇರ್‌ನ ಗೋಧಿ ರವೆ, ಹಾಲಿನ ಪುಡಿ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು. ನನ್ನ ವಯಸ್ಸಿನವರಿಗೆ ಶಾಲೆ ಎಂದರೆ ಮೊದಲು ನೆನಪಾಗುವುದು ಆ ಸಜ್ಜಿಗೆಯ ಪರಿಮಳವೇ, ಪಾಠ ಆಮೇಲೆ.

ಜನ್ಮದಿನದ ಕಾಲಂ ನೋಡಿದರೆ ನಗು ಬರುತ್ತದೆ. ಊರಿನ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿದ್ದಾರೆ. ಶಾಲೆ ಶುರುವಾಗುವ ದಿನ ಅಪ್ಪ ಮಗುವನ್ನು ಕರೆದುಕೊಂಡು ಬರುತ್ತಾನೆ. ಎಂದು ಹುಟ್ಟಿದ್ದು ಎಂದರೆ, ದೊಡ್ಡ ಮಳೆ ಬಂದ ವರ್ಷ, ಆಟಿ ತಿಂಗಳು ಎನ್ನುತ್ತಾನೆ. ಮಾಷ್ಟ್ರು ಮಗುವಿನ ಹಲ್ಲು ನೋಡಿ, ಸೇರಿಸಲು ಬೇಕಾದಷ್ಟು ವಯಸ್ಸು ಲೆಕ್ಕ ಹಾಕಿ ಜೂನ್ 1 ಎಂದು ಬರೆದುಬಿಡುತ್ತಾರೆ. ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಅದು ಹಳ್ಳಿಗೆ ಮುಟ್ಟಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಹಾಗಾಗಿ ಈ ಜೂನ್ 1ರ ಮೇಲೆಯೇ ಜನ ಕೆಲಸಕ್ಕೆ ಸೇರಿದರು, ನಿವೃತ್ತರಾದರು, ಪಾಸ್‌ಪೋರ್ಟ್ ಮಾಡಿಸಿದರು.

ಕಥೊಲಿಕರ ಮಕ್ಕಳಿಗೆ ಮಾತ್ರ ಇನ್ನೊಂದು ಪುಸ್ತಕ ಇತ್ತಲ್ಲ. ಮಗು ಹುಟ್ಟಿ ಕೆಲವೇ ದಿನದಲ್ಲಿ ಜ್ಞಾನಸ್ನಾನ, ಆಗಲೇ ತಾರೀಕು ಬರೆದಾಗಿರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಜಾ. ಚರ್ಚಿನಲ್ಲಿ ಅಕ್ಟೋಬರದಲ್ಲಿ ಹುಟ್ಟಿದವನು ಶಾಲೆಯಲ್ಲಿ ಜೂನಿನವನು. ಅಲ್ಲಿ ಲ್ಯಾಟಿನಿನಲ್ಲಿ ಉದ್ದದ ಹೆಸರು, ಇಲ್ಲಿ ಮನೆಯಲ್ಲಿ ಕರೆಯುವ ಜೂಜೆ, ಕೈತಾನ್. ಗಲ್ಫಿಗೆ ಹೊರಟವರು ಇದೇ ಕಾರಣಕ್ಕೆ ಪರದಾಡುತ್ತಿದ್ದರು. ನನ್ನ ಸೇವೆಯ ಕಾಲದಲ್ಲಿ ರಜೆಯಲ್ಲಿ ಊರಿಗೆ ಬಂದವರು ಬೆಳಿಗ್ಗೆ ವಿಗಾರರ ಬಾಗಿಲಲ್ಲಿ, ಮಧ್ಯಾಹ್ನ ನನ್ನ ಬಾಗಿಲಲ್ಲಿ. ಎರಡೂ ಒಂದೇ ವ್ಯಕ್ತಿ ಎಂದು ಒಂದು ಸರ್ಟಿಫಿಕೇಟ್ ಕೊಡಿ ಟೀಚರೇ ಎಂದು ಕೇಳುವುದು. ಪುಸ್ತಕ ಇತ್ತು, ಹುಡುಕಿ ತೆಗೆದು ಕೊಡುತ್ತಿದ್ದೆ.

ಈಗ ಯೋಚಿಸಿ. ಮೂರ್ತೆಯವರ ಮಗಳಿಗೆ, ಬ್ಯಾರಿಗಳ ಹುಡುಗನಿಗೆ, ಬುಟ್ಟಿ ಹೆಣೆಯುವ ಮನೆಯ ಮಕ್ಕಳಿಗೆ ಆ ಎರಡನೇ ಪುಸ್ತಕ ಎಲ್ಲಿದೆ? ಅವರ ಬಾಲ್ಯದಲ್ಲಿ ಅವರ ಹೆಸರನ್ನು ಯಾರಾದರೂ ಕಾಗದದ ಮೇಲೆ ಬರೆದದ್ದಿದ್ದರೆ ಅದು ಈ ಶಾಲೆಯ ಪುಸ್ತಕದಲ್ಲಿ ಮಾತ್ರ. ಎರಡು ವರ್ಷ ಕಲಿತು ಬಿಟ್ಟ ಹುಡುಗಿಗೆ ಮುಂದೆ ಎಲ್ಲೂ ಸಹಿ ಹಾಕುವ ಪ್ರಸಂಗವೇ ಬಂದಿರಲಿಕ್ಕಿಲ್ಲ. ಗೋಣಿಯಲ್ಲಿರುವುದು ಅವಳ ಹೆಸರು. ಚರ್ಚಿನ ಚರಿತ್ರೆ ಬರೆಯುವವರು ಈ ಪುಸ್ತಕವನ್ನು ಬಿಟ್ಟರೆ ಬಿಟ್ಟುಹೋಗುವುದು ತಮ್ಮವರಿಗಿಂತ ಹೆಚ್ಚಾಗಿ ನೆರೆಯವರು. ನಮ್ಮ ಶಾಲೆಯಲ್ಲಿ ಕಲಿಸಿದ ಮಾಷ್ಟ್ರುಗಳಲ್ಲಿಯೂ ಹಾಗೆಯೇ. ಭಟ್ಟರು, ಶೆಟ್ಟರು, ಪೂಜಾರಿಗಳು ಎಲ್ಲ ಇದ್ದರು. ಒಂದನೇ ಕ್ಲಾಸಿನ ಮಕ್ಕಳಲ್ಲಿ ಒಬ್ಬಳಿಗೆ ಕೊಂಕಣಿ, ಒಬ್ಬನಿಗೆ ತುಳು, ಇನ್ನೊಬ್ಬನಿಗೆ ಬ್ಯಾರಿ. ಕನ್ನಡ ಯಾರಿಗೂ ಬಾರದು! ಆ ಮಾಷ್ಟ್ರುಗಳು ಮೂರೂ ಮಾತಾಡಿ ಕನ್ನಡ ಕಲಿಸಿದರು. ಕೊಂಕಣಿ ವಾರಪತ್ರಿಕೆ 'ರಾಕ್ಣೊ' 1938ರಿಂದ ಕನ್ನಡ ಲಿಪಿಯಲ್ಲಿ ಬರುತ್ತಿದೆ. ನಮ್ಮ ಅಮ್ಮ ಅದನ್ನು ಓದಲು ಕಲಿತದ್ದು ಆ ಬೆಂಚಿನ ಮೇಲೆ.

ಈ ಮಾತು ಈಗಲೇ ಯಾಕೆ ಎಂದರೆ, ಶಾಲೆಗಳೇ ಮುಚ್ಚುತ್ತಿವೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬುವುದು ಎಷ್ಟು ಕಷ್ಟ ಎಂದು ಎಲ್ಲರಿಗೂ ಗೊತ್ತು. ಗೌರವ ಶಿಕ್ಷಕಿಯರನ್ನು ಇಟ್ಟು ಆಡಳಿತ ಮಂಡಳಿಯೇ ಸಂಬಳ ಕೊಡಬೇಕು. ಪಕ್ಕದಲ್ಲೇ ಅದೇ ಚರ್ಚಿನ ಇಂಗ್ಲಿಷ್ ಮೀಡಿಯಂ ಶಾಲೆ ಬೇರೆ. 2014ರಲ್ಲಿ ಸುಪ್ರೀಂ ಕೋರ್ಟ್ ಮಾಧ್ಯಮದ ಆಯ್ಕೆ ಪೋಷಕರಿಗೆ ಬಿಟ್ಟದ್ದು ಎಂದ ಮೇಲೆ ಇದ್ದ ಸಣ್ಣ ತಡೆಯೂ ಹೋಯಿತು. ಕನ್ನಡ ಶಾಲೆ ಉಳಿಸಿ ಎಂದು ಭಾಷಣ ಮಾಡಲು ನಾನು ಹೊರಟಿಲ್ಲ. ನನ್ನ ಮೊಮ್ಮಗಳೂ ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿನಲ್ಲೇ ಹೋಗುತ್ತಾಳೆ. ಶಾಲೆ ಮುಚ್ಚಲೇಬೇಕಾದರೆ ಮುಚ್ಚಿ. ಪುಸ್ತಕಗಳನ್ನು ಜೊತೆಗೆ ಹೂಳಬೇಡಿ ಎನ್ನುವುದಷ್ಟೇ ನನ್ನ ಮಾತು.

ಚರ್ಚ್ ಪಾಲನಾ ಮಂಡಳಿಯವರಲ್ಲಿ, ಶಾಲೆಯ ಸಂಚಾಲಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಜ್ಞಾನಸ್ನಾನದ ಪುಸ್ತಕ ಇರುವ ಕೋಣೆಯಲ್ಲೇ ಇನ್ನೊಂದು ಕಬ್ಬಿಣದ ಕಪಾಟು ಇಡಿ. ದಾಖಲಾತಿ ಪುಸ್ತಕ, ಲಾಗ್ ಬುಕ್, ಇನ್‌ಸ್ಪೆಕ್ಟರ್‌ಗಳ ಭೇಟಿ ಪುಸ್ತಕ, ಸಂಬಳ ಪಡೆದು ಸಹಿ ಹಾಕಿದ ಅಕ್ವಿಟೆನ್ಸ್ ಪುಸ್ತಕ ಎಲ್ಲ ಅದರಲ್ಲಿರಲಿ. ದಾಖಲಾತಿ ಪುಸ್ತಕ ಹೇಗೂ ಶಾಶ್ವತ ದಾಖಲೆ, ಅದನ್ನು ನಾಶ ಮಾಡುವ ಹಾಗೇ ಇಲ್ಲ. ಉಳಿದವುಗಳ ಮೇಲೆ ಯಾರಿಗೂ ಕಣ್ಣಿಲ್ಲ, ಮೊದಲು ರದ್ದಿಗೆ ಹೋಗುವುದು ಅವೇ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ನಮ್ಮ ಮಳೆಗೆ ಗೋಡೆ ಬೆವರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು ಬೇಡವೇ ಬೇಡ.

ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು ಚರ್ಚಿನ ಅಂಗಳ ಗುಡಿಸಲು ಬರುತ್ತಾರಲ್ಲ, ಅವರಿಗೆ ಈ ಕೆಲಸ ಕೊಡಿ. ಕಿಟಕಿಯ ಬೆಳಕಿನಲ್ಲಿ ಪುಸ್ತಕ ಬಿಡಿಸಿಟ್ಟು ಮೊಬೈಲಿನಲ್ಲಿ ಪುಟಪುಟ ಫೋಟೋ ತೆಗೆದರೂ ಸಾಕು. ಆದರೆ ಒಂದು ಎಚ್ಚರ. ಅದರಲ್ಲಿ ಜಾತಿಯ ಕಾಲಂ ಉಂಟು, ಬಿಟ್ಟ ಕಾರಣ ಉಂಟು, ತಂದೆಯ ಹೆಸರಿಲ್ಲದ ಮಕ್ಕಳೂ ಇದ್ದಾರೆ. ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಸುಮ್ನೆ ವಾಟ್ಸಾಪ್ ಗ್ರೂಪಿಗೆ ಹಾಕುವ ವಸ್ತು ಅಲ್ಲ ಅದು. ಫೋಟೋ ಯಾರ ಹತ್ತಿರ ಇರಬೇಕು, ಯಾರು ನೋಡಬಹುದು ಎಂದು ಮೊದಲೇ ಬರೆದು ತೀರ್ಮಾನಿಸಿ.

ಶಿಕ್ಷಣ ಇಲಾಖೆಯವರಲ್ಲೂ ಒಂದು ಕೋರಿಕೆ. ಅನುದಾನಿತ ಶಾಲೆ ಮುಚ್ಚುವಾಗ, ಬೇರೆ ಶಾಲೆಗೆ ಸೇರಿಸುವಾಗ ಬೆಂಚು, ಮೇಜು, ಗಡಿಯಾರದ ಪಟ್ಟಿ ಮಾಡಿ ಸಹಿ ಹಾಕಿಸುತ್ತೀರಿ. ರಿಜಿಸ್ಟರ್‌ಗಳಿಗೂ ಹಾಗೆಯೇ ಒಂದು ಪಟ್ಟಿ ಮಾಡಿ. ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಎಷ್ಟು ಪುಸ್ತಕ, ಈಗ ಯಾರ ವಶದಲ್ಲಿ ಎಂದು ಬರೆದು ಒಂದು ಪ್ರತಿಯನ್ನು ಶಾಲೆಯವರಿಗೆ, ಇನ್ನೊಂದನ್ನು ಗ್ರಾಮ ಪಂಚಾಯತಿಗೆ ಕೊಡಿ. ನಾಳೆ ಯಾರಿಗಾದರೂ ಸರ್ಟಿಫಿಕೇಟ್ ಬೇಕಾದರೆ ಯಾವ ಬಾಗಿಲು ತಟ್ಟಬೇಕು ಎಂದಾದರೂ ಗೊತ್ತಾಗುತ್ತದೆ.

ನನ್ನ ಹಾಗೆ ನಿವೃತ್ತರಾದವರು ಊರಿಗೊಬ್ಬರಾದರೂ ಇರುತ್ತಾರೆ. ಮದ್ರಾಸ್ ಕಾಲದ ಕೂಡಿಸಿ ಬರೆದ ಅಕ್ಷರ, ಮಾಷ್ಟ್ರುಗಳ ಸಂಕ್ಷೇಪಗಳು, ಯಾವ ಮನೆ ಈಗ ಯಾವ ಹೆಸರಿನಲ್ಲಿದೆ ಎಂಬುದು ನಮಗೆ ಗೊತ್ತು. ಇನ್ನು ಹತ್ತು ವರ್ಷಕ್ಕೆ ಹೇಳಲು ನಾವು ಇರುತ್ತೇವೋ ಇಲ್ಲವೋ. ನಮ್ಮನ್ನು ಕರೆದು ಕೂರಿಸಿ, ಒಂದು ಚಹಾ ಕೊಟ್ಟರೆ ಸಾಕು.

ನಮ್ಮ ಶಾಲೆಯ ಗೋಣಿಗಳನ್ನು ಸದ್ಯಕ್ಕೆ ಸೌದೆ ಕೋಣೆಯಿಂದ ಏಳನೇ ಕ್ಲಾಸಿನ ಕೋಣೆಗೆ ಸಾಗಿಸಿದ್ದೇವೆ. ಆ ಕೋಣೆ ಈ ವರ್ಷ ಖಾಲಿಯೇ ಇದೆ. ಕಪಾಟು ಕೊಡಿಸಲು ಮಸ್ಕತ್‌ನಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬ ಒಪ್ಪಿದ್ದಾನೆ. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಪಾಲನಾ ಮಂಡಳಿಯ ಮುಂದಿದೆ. ಮಳೆ ಶುರುವಾಗುವ ಮೊದಲು ಆ ಸಭೆ ಕರೆಯಿರಿ ಎಂದು ಈ ಪತ್ರದ ಮೂಲಕವೂ ಕೇಳಿಕೊಳ್ಳುತ್ತೇನೆ.

ಇತಿ,
ನಿವೃತ್ತ ಮುಖ್ಯ ಶಿಕ್ಷಕಿ,
ಬಂಟ್ವಾಳ ತಾಲ್ಲೂಕು